ಪೆರೇಡ್ ಮೈದಾನದ ದೃಷ್ಟಿಬೊಂಬೆ

ಐರ್ಲೆಂಡಿನ ಕಿಲ್‌ಡೆರಿನ್ ಊರಿನ ಹಳೇ ಮಿಲಿಟರಿ ಬ್ಯಾರಕ್ಸಿನ ಗೇಟಿನ ಸಂದಿಗೆ ಕಣ್ಣಿಟ್ಟು ಒಳಗೇನಿದೆ ಎಂದು ನೋಡುವುದು ಲಾಕ್‌ಡೌನು ಚಾಮರಾಜನಿಗೆ ಕಲಿಸಿದ ವಿದ್ಯೆ. ಆಫೀಸಿನ ಕೆಲಸವೂ ಇತ್ತು, ಇಲ್ಲವೆಂದಲ್ಲ. ಅದನ್ನು ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಕುಕ್ಕರ್ ಕೂಗಿದಾಗಲೆಲ್ಲ ಮೈಕು ಮುಚ್ಚಿಕೊಂಡು, ಹೇಗೋ ಮಾಡಿ ಮುಗಿಸುತ್ತಿದ್ದ. ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಮಾತ್ರ ಸಂಜೆಯ ಈ ಇಣುಕು.

ಒಳಗೆ ಕಾಣುತ್ತಿದ್ದದ್ದು ಒಂದು ಪೆರೇಡ್ ಮೈದಾನ, ಅದರ ಸುತ್ತ ಕಲ್ಲಿನ ಕಟ್ಟಡಗಳ ಸಾಲು, ಹಲಗೆ ಹೊಡೆದ ಕಿಟಕಿಗಳು. ಸೈನಿಕರು ಬಿಟ್ಟು ಹೋಗಿ ಎಷ್ಟೋ ವರ್ಷವಾಗಿತ್ತು. ಒಂದು ದಂಡೇ ಕಾಲು ಚಾಚಿ ಮಲಗುವಷ್ಟು ಕೋಣೆಗಳು ಗೋಡೆಯ ಒಳಗೆ ಖಾಲಿ. ಗೋಡೆಯ ಹೊರಗೆ ಬಾಡಿಗೆಗೆಂದು ಒಂದು ಮನೆ ಹುಡುಕಿದರೂ ಇಲ್ಲ. ಈ ಎರಡನ್ನೂ ಒಂದೇ ಊರಿನಲ್ಲಿ ಪಕ್ಕಪಕ್ಕದಲ್ಲಿಟ್ಟು ಜನ ಮಾತಾಡದಂತೆ ನೋಡಿಕೊಳ್ಳುವುದಕ್ಕೆ ದೊಡ್ಡ ಸಾಮರ್ಥ್ಯ ಬೇಕು. ಊರಿನ ಕೌನ್ಸಿಲ್‌ಗೆ ಅದಿತ್ತು.

ಚಾಮರಾಜ ಮಾತಾಡುವ ಪೈಕಿಯವನೇ ಅಲ್ಲ. ಅವನ ಕಷ್ಟವೇ ಬೇರೆ. ಅವನ ಮನೆಯ ಓನರು ಡೆಕ್ಲನ್ ಮ್ಯಾಗಿನ್ ಎಂಬ ಕೌನ್ಸಿಲರು, ಮನೆ ಮಾರುತ್ತೇನೆ, ಖಾಲಿ ಮಾಡಿ ಎಂದು ಕ್ರಿಸ್‌ಮಸ್ ಕೇಕಿನ ಜೊತೆಗೇ ಹೇಳಿ ಹೋಗಿದ್ದ. ಆದರೆ ಯಾರೂ ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಬಾರದು ಎಂಬ ಕರೋನಾ ನಿಯಮ ಇರುವವರೆಗೆ ಬಾಡಿಗೆದಾರರನ್ನು ಹೊರಹಾಕುವಂತಿಲ್ಲ ಎಂದು ಕಾನೂನಿತ್ತು. ಹೀಗಾಗಿ ಇಡೀ ಐರ್ಲೆಂಡು ಆ ನಿಯಮ ಯಾವಾಗ ತೊಲಗುತ್ತದೆ ಎಂದು ಟೀವಿ ಮುಂದೆ ಕೂತರೆ, ಚಾಮರಾಜ ಅದೇ ಟೀವಿಯ ಮುಂದೆ ಕೈಮುಗಿದು ಕೂರುತ್ತಿದ್ದ.

"ಜನ ತಾಯಿ ಮುಖ ನೋಡಕ್ಕಾಗ್ದೆ ಅಳ್ತಿದ್ದಾರೆ. ನೀವು ಲಾಕ್‌ಡೌನ್ ಮುಂದುವರೀಲಿ ಅಂತ ಕೂತಿದ್ದೀರಲ್ರೀ, ನಾಚಿಕೆ ಆಗಲ್ವಾ?" ಎಂದಳು ಹೆಂಡತಿ ಸಾವಿತ್ರಿ.

"ಲಾಕ್‌ಡೌನ್ ಇರ್ಲಿ ಅಂತ ಯಾರು ಅಂದ್ರು? ಕರೋನಾ ಹೋಗ್ಲಿ. ಐದು ಕಿಲೋಮೀಟರ್ ಒಂದು ಉಳೀಲಿ."

"ಆಮೇಲೆ?"

"ಆಮೇಲೆ ಓನರ್ ಹತ್ರ ಮಾತಾಡ್ತೀನಿ. ಇಂಚರಾ ಸ್ಕೂಲ್ ಮುಗಿಯೋ ತನಕ ಟೈಮ್ ಕೇಳ್ತೀನಿ. ಒಳ್ಳೆ ಮನುಷ್ಯ. ಸಲಿಗೆ ಉಳಿಸ್ಕೊಂಡಿರ್ಬೇಕು ಅಷ್ಟೇ."

ಸಲಿಗೆ ಉಳಿಸಿಕೊಳ್ಳುವುದು ಎಂದರೆ ದಾರಿಯಲ್ಲಿ ಡೆಕ್ಲನ್‌ನ ಕಾರು ಕಂಡರೆ, ಅದರೊಳಗೆ ಅವನಿದ್ದರೂ ಇಲ್ಲದಿದ್ದರೂ, ಕೈಯೆತ್ತುವುದು.

ವಸಂತ ಬರುವ ಹೊತ್ತಿಗೆ ಬ್ಯಾರಕ್ಸಿನ ಗೇಟು ತೆರೆಯಿತು. ಪಕ್ಕದ ಮನೆಯ ನೂಲಾ ಎಂಬ ಹಿರಿಯಾಕೆ ಒಂದು ಸಮಿತಿ ಕಟ್ಟಿಕೊಂಡು, ಆ ಕಟ್ಟಡಗಳಲ್ಲಿ ಜನರಿಗೆ ಮನೆ ಮಾಡಿಕೊಡಿ ಎಂದು ವರ್ಷಗಟ್ಟಲೆ ಬೊಬ್ಬೆ ಹಾಕುತ್ತಿದ್ದಳು. ಅದನ್ನೊಂದು ಸ್ಪಾ ಇರುವ ಹೋಟೆಲ್ ಮಾಡಬೇಕು ಎಂದು ಕೌನ್ಸಿಲರ್ ಡೆಕ್ಲನ್ ಅಷ್ಟೇ ವರ್ಷಗಳಿಂದ ಮೆತ್ತಗೆ ಕೆಲಸ ನಡೆಸಿದ್ದ. ಎರಡರಲ್ಲಿ ಒಂದು ತೀರ್ಮಾನವಾಗುವವರೆಗೆ ಇರಲಿ ಎಂದು ಕೌನ್ಸಿಲ್ಲು ಪೆರೇಡ್ ಮೈದಾನದಲ್ಲಿ ಮಣ್ಣು ತುಂಬಿದ ಮರದ ಪೆಟ್ಟಿಗೆಗಳನ್ನು ಇಡಿಸಿ, ತರಕಾರಿ ಬೆಳೆದುಕೊಳ್ಳಿ ಎಂದು ಊರವರಿಗೆ ಹಂಚಿತು. ಸೊಪ್ಪಿಗೆ ನೀರು ಹಾಕುವವರು ಸರ್ಕಾರಕ್ಕೆ ಪ್ರಶ್ನೆ ಹಾಕುವುದಿಲ್ಲ ಎಂಬುದು ಅದರ ಲೆಕ್ಕಾಚಾರ.

ಚಾಮರಾಜನಿಗೂ ಒಂದು ಪೆಟ್ಟಿಗೆ ಸಿಕ್ಕಿತು. ಒಬ್ಬ ಮನುಷ್ಯ ಅದರಲ್ಲಿ ಮಲಗಬಹುದು, ಮಗ್ಗುಲು ಬದಲಿಸುವಂತಿಲ್ಲ. ಅದರಲ್ಲಿ ಮೆಂತ್ಯ, ದಂಟು ಬಿತ್ತಿ ಸುಮ್ಮನಿದ್ದಿದ್ದರೆ ಈ ಕಥೆಗೆ ಕಾರಣವೇ ಇರುತ್ತಿರಲಿಲ್ಲ. ಆದರೆ ಸನಿಕೆ ಹಿಡಿದು ಪೆಟ್ಟಿಗೆಯ ಮುಂದೆ ನಿಂತಾಗ ಅವನಿಗೆ ದಾವಣಗೆರೆಯ ಷಡ್ಡಕ ಚನ್ನಬಸಪ್ಪ ನೆನಪಾದ. ಚನ್ನಬಸಪ್ಪ ಹೋದ ತಿಂಗಳಷ್ಟೇ ಮೂರನೇ ಸೈಟು ಕೊಂಡು, ಕಲ್ಲು ನೆಡಿಸಿದ ವಿಡಿಯೋವನ್ನು ಸಂಗೀತ ಸಹಿತ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. ಚಾಮರಾಜ ಮಗಳು ಇಂಚರಾಳ ಕೈಗೆ ಫೋನು ಕೊಟ್ಟು, ನೆಲದ ಮಟ್ಟದಿಂದ, ಹಿಂದೆ ಇಡೀ ಮೈದಾನವೂ ಕಲ್ಲಿನ ಕಟ್ಟಡಗಳೂ ಬರುವಂತೆ ಫೋಟೋ ತೆಗೆಸಿದ. ಕೆಳಗೆ ಬರೆದ: "ಐರ್ಲೆಂಡ್ ಮಿಲಿಟರಿ ಜಾಗದಲ್ಲಿ ನಮಗೂ ಒಂದಿಷ್ಟು ಕೊಟ್ಟರು."

ಇದರಲ್ಲಿ ಸುಳ್ಳಿಲ್ಲ. ಪೆಟ್ಟಿಗೆಯ ಅಂಚು ಫೋಟೋದಲ್ಲಿ ಬಂದಿರಲಿಲ್ಲ, ಅಷ್ಟೇ.

"ಎಷ್ಟು ಎಕರೆ?" ಎಂದು ಚನ್ನಬಸಪ್ಪ ತಕ್ಷಣ ಕೇಳಿದ.

"ಅಳತೆ ಇನ್ನೂ ಆಗಿಲ್ಲ" ಎಂದು ಚಾಮರಾಜ ಬರೆದ. ಚನ್ನಬಸಪ್ಪನಿಂದ ಆಮೇಲೆ ಒಂದು ಚಪ್ಪಾಳೆಯ ಚಿತ್ರವೂ ಬರಲಿಲ್ಲ. ಚಾಮರಾಜ ಆ ಮೌನವನ್ನು ಊಟದ ಜೊತೆ ನಂಚಿಕೊಂಡ.

ಮೊಳಕೆ ಎದ್ದು ವಾರ ಕಳೆಯುವುದರೊಳಗೆ ಇಬ್ಬನಿ ಹೆಪ್ಪುಗಟ್ಟಿ ಮೆಂತ್ಯ ಹಳದಿಯಾಯಿತು, ದಂಟು ಮಕಾಡೆ ಮಲಗಿತು. ವಿಡಿಯೋ ಕಾಲಿನಲ್ಲಿ ಅದನ್ನು ಕಂಡ ಅತ್ತೆ ಭಾನುಮತಮ್ಮ ಕನ್ನಡಕ ಏರಿಸಿದರು.

"ಅಳಿಯಂದ್ರೇ, ಇದು ಚಳಿ ಅಲ್ಲ. ಇದು ದೃಷ್ಟಿ."

"ಅತ್ತೆ, ಇಲ್ಲಿ ರಾತ್ರಿ ಫ್ರಾಸ್ಟ್ ಬೀಳುತ್ತೆ."

"ಎಕರೆಗಟ್ಟಲೆ ಜಾಗ ಅಂತ ಗ್ರೂಪಲ್ಲಿ ಹಾಕ್ತೀರಿ. ನೋಡಿದ ಕಣ್ಣೆಲ್ಲ ಎಲ್ಲಿಗೆ ಹೋಗ್ಬೇಕು? ಚನ್ನಬಸಪ್ಪ ಆ ಫೋಟೋನ ದೊಡ್ಡದು ಮಾಡಿ ಮಾಡಿ ನೋಡ್ದನಂತೆ. ನನ್ನ ದೊಡ್ಡ ಮಗಳೇ ಹೇಳಿದ್ಲು. ಮೊದ್ಲು ಒಂದು ದೃಷ್ಟಿಬೊಂಬೆ ನಿಲ್ಲಿಸಿ."

ಇದು ಒಂದು ಮಂಚದಗಲ ಮಣ್ಣು ಅತ್ತೆ, ಇದಕ್ಕೆ ಯಾರ ಕಣ್ಣೂ ಬೀಳುವುದಿಲ್ಲ ಎಂದು ಹೇಳಬಹುದಿತ್ತು. ಹಾಗೆ ಹೇಳಿದರೆ ಎಕರೆಗಳು ಹೋಗುತ್ತಿದ್ದವು. ಚಾಮರಾಜ ಬೊಂಬೆ ಮಾಡಲು ಒಪ್ಪಿದ.

ಹಿತ್ತಲ ಶೆಡ್ಡಿನಲ್ಲಿ ಒಂದು ಹಳೇ ಹಸಿರು ಕೋಟೂ ಚೌಕಳಿ ಟೋಪಿಯೂ ಬಿದ್ದಿದ್ದವು. ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು. "ಶೆಡ್ಡಲ್ಲಿರೋ ಹಳೇದೆಲ್ಲ ಬಿಸಾಕಿ" ಎಂದು ಮನೆ ಕೊಡುವಾಗಲೇ ಡೆಕ್ಲನ್ ಹೇಳಿದ್ದನಾದ್ದರಿಂದ ಚಾಮರಾಜ ಹಿಂದುಮುಂದು ನೋಡದೆ ಅದಕ್ಕೆ ಹುಲ್ಲು ತುಂಬಿದ. ಪೇಂಟಿನ ಬಿಳಿ ಬಕೆಟ್ಟು ತಲೆಯಾಯಿತು. ಇಂಚರಾ ಕಪ್ಪು ಬಣ್ಣದಲ್ಲಿ ಗುಡ್ಡೆಗಣ್ಣು, ಗರಗಸದ ಹಲ್ಲು, ಇಳಿಬಿದ್ದ ಕೆಂಪು ನಾಲಗೆ, ಕಿವಿಯವರೆಗೆ ಪೊದೆ ಮೀಸೆ ಬರೆದಳು.

"ಹೀ ಲುಕ್ಸ್ ಗ್ರ್ಯಾಂಡ್, ಡ್ಯಾಡ್" ಎಂದಳು.

"ಗ್ರ್ಯಾಂಡ್ ಆಗಿರ್ಬಾರ್ದು ಕಣಮ್ಮ. ನೋಡಿದವ್ರಿಗೆ ಅಸಹ್ಯ ಆಗ್ಬೇಕು. ಮೂಗು ಇನ್ನೂ ದಪ್ಪ ಮಾಡು."

ಭಾನುಮತಮ್ಮ ಫೋನಿನೊಳಗಿಂದ ಉಸ್ತುವಾರಿ ನಡೆಸಿದರು. "ಚಪ್ಪಲಿ ಎಲ್ಲಿ? ಸವೆದಿರೋದು, ಒಂಟಿ ಚಪ್ಪಲಿ. ಕೊರಳಿಗೇ ಕಟ್ಟಿ. ಮೆಣಸಿನಕಾಯಿ ನಿಂಬೆಹಣ್ಣು ಪೋಣಿಸಿದ್ಯಾ ಸಾವಿತ್ರಿ? ಹಾಂ. ಈಗ ಯಾವನು ಕಣ್ಣು ಹಾಕ್ತಾನೋ ಹಾಕ್ಲಿ."

ಶನಿವಾರ ಬೆಳಿಗ್ಗೆ ಬೊಂಬೆಯನ್ನು ಹೆಗಲ ಮೇಲೆ ಹೊತ್ತು ಊರ ಮಧ್ಯದಿಂದಲೇ ಹೋಗಿ ಚಾಮರಾಜ ಪೆರೇಡ್ ಮೈದಾನದಲ್ಲಿ ಕಂಬ ನೆಟ್ಟು ನಿಲ್ಲಿಸಿದ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ಅದನ್ನು ನಾಯಿಯೂ ತಿರುಗಿ ನೋಡುತ್ತಿರಲಿಲ್ಲ.

ಪಕ್ಕದ ಪೆಟ್ಟಿಗೆಯಲ್ಲಿ ಆಲೂಗಡ್ಡೆ ನೆಡುತ್ತಿದ್ದ ನೂಲಾ ಎದ್ದು ಬಂದಳು. ಬೊಂಬೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು. ಮಾಸ್ಕು ಇಳಿಸಿ ಮತ್ತೆ ನೋಡಿದಳು.

"ಚಾಮ್, ನೀನು ಇಂಥವನು ಅಂತ ನಾನು ಎಣಿಸಿರಲಿಲ್ಲ."

ಚಾಮರಾಜನಿಗೆ ಸಂಕೋಚವಾಯಿತು. "ದೊಡ್ಡದೇನಲ್ಲ. ನಮ್ಮ ಅತ್ತೆ ಹೇಳಿದರು."

"ಇಂಡಿಯಾದಲ್ಲಿರೋ ನಿನ್ನ ಅತ್ತೆಗೂ ಈ ವಿಷಯ ಗೊತ್ತಾ?"

"ಇಡೀ ಕುಟುಂಬಕ್ಕೆ ಗೊತ್ತು. ಎಲ್ಲರಿಗೂ ಈ ಜಾಗದ್ದೇ ಚಿಂತೆ."

ನೂಲಾ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಕೊರಳಲ್ಲಿ ಚಪ್ಪಲಿ ಯಾಕೆ?"

"ಅದೇ ಮುಖ್ಯ. ಅದಿಲ್ಲದಿದ್ದರೆ ನಾಟುವುದಿಲ್ಲ."

"ಮೆಣಸಿನಕಾಯಿ?"

"ಉರಿಯಲಿ ಅಂತ."

"ಯಾರಿಗೆ?"

"ಈ ಜಾಗದ ಮೇಲೆ ಕೆಟ್ಟ ಕಣ್ಣು ಬಿಟ್ಟಿರುವವರಿಗೆ."

ಎಷ್ಟೋ ವರ್ಷ ಭಾಷಣ ಮಾಡಿ ಗಂಟಲು ಕಟ್ಟಿಸಿಕೊಂಡಿದ್ದ ಮುದುಕಿ ಬೊಂಬೆಯ ಜೊತೆ ನಿಂತು ಒಂದು ಸೆಲ್ಫಿ ತೆಗೆದುಕೊಂಡಳು.

ಮರುದಿನದಿಂದ ಊರಿನ ವಾಕಿಂಗು ಪೂರ್ತಿ ಬ್ಯಾರಕ್ಸಿನ ಕಡೆ ತಿರುಗಿತು. ಪಬ್ಬು ಮುಚ್ಚಿ, ಚರ್ಚು ಮುಚ್ಚಿ, ಆಟ ನಿಂತು, ಐದು ಕಿಲೋಮೀಟರಿನೊಳಗೆ ಇದ್ದದ್ದನ್ನೆಲ್ಲ ನೂರು ಸಲ ನೋಡಿ ಬೇಸತ್ತಿದ್ದ ಜನ. ಮಕ್ಕಳ ಗಾಡಿ ತಳ್ಳಿಕೊಂಡು ಬಂದರು, ಮಡಿಸುವ ಕುರ್ಚಿ ತಂದರು. ಒಬ್ಬರಿಗೊಬ್ಬರು ಅಂತರ ಬಿಟ್ಟು ನಿಂತು, ಅಂತರದ ಮೇಲಿಂದಲೇ ಕೂಗಿ ಮಾತಾಡಿಕೊಂಡರು. ನಿಂಬೆಹಣ್ಣು ಯಾಕೆ, ಹುಳಿಯೇ ಯಾಕೆ, ಸೇಬು ಯಾಕಾಗಬಾರದು, ಎಡ ಚಪ್ಪಲಿಯೋ ಬಲ ಚಪ್ಪಲಿಯೋ. ಚಾಮರಾಜನಿಗೆ ಖುಷಿಯೋ ಖುಷಿ. ಇಷ್ಟು ವರ್ಷ ಹವಾಮಾನ ಬಿಟ್ಟು ಬೇರೇನೂ ಕೇಳದ ಜನ ಈಗ ನಮ್ಮ ಸಂಸ್ಕೃತಿಯ ಬಗ್ಗೆ ಎಷ್ಟು ಆಸಕ್ತಿ ತೋರಿಸುತ್ತಿದ್ದಾರೆ ಎಂದು ಪ್ರತಿಯೊಬ್ಬರಿಗೂ ಬಿಡಿಸಿ ಹೇಳಿದ.

ಗುಂಪು ಸೇರುವುದು ಅಪರಾಧವಾದ್ದರಿಂದ ಒಬ್ಬ ಗಾರ್ಡ, ಅಂದರೆ ಅಲ್ಲಿಯ ಪೊಲೀಸಿನವನು, ಬಂದ. ಯಾರನ್ನೂ ಚದುರಿಸಲಿಲ್ಲ. ತಾನೂ ಸರಿಯಾಗಿ ಅಂತರ ಬಿಟ್ಟು ನಿಂತು ಬೊಂಬೆಯನ್ನು ನೋಡತೊಡಗಿದ.

"ಇದು ಯಾರಾದರೂ ಗೊತ್ತಿರುವ ವ್ಯಕ್ತಿಯಾ?" ಎಂದು ಕೊನೆಗೆ ಕೇಳಿದ.

"ಇಲ್ಲ ಸಾರ್. ನಮ್ಮ ಊರಲ್ಲಿ ಮನೆ ಕಟ್ಟಿಸುವ ಕಡೆಯೆಲ್ಲ ಇವನು ಇರುತ್ತಾನೆ. ಇದೇ ಮುಖ, ಇದೇ ಮೀಸೆ, ಇದೇ ಚಪ್ಪಲಿ."

ಗಾರ್ಡ ಜೇಬಿನಿಂದ ನೋಟ್‌ಬುಕ್ಕು ತೆಗೆದ. "ಅವನು ಇಂಡಿಯಾದಲ್ಲೂ ಮನೆ ಕಟ್ಟಿಸ್ತಾನಾ?"

ಚಾಮರಾಜನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅರ್ಥವಾಗದ ಪ್ರಶ್ನೆಗೆ ಅವನು ಆಫೀಸಿನಲ್ಲೂ ಕೊಡುತ್ತಿದ್ದ ಉತ್ತರವನ್ನೇ ಕೊಟ್ಟ. ನಕ್ಕು ತಲೆಯಾಡಿಸಿದ.

ಸೋಮವಾರದ ಹೊತ್ತಿಗೆ ಕೌನ್ಸಿಲರ್ ಡೆಕ್ಲನ್ ಮ್ಯಾಗಿನ್‌ಗೆ ಬೆಂಗಳೂರಿನಲ್ಲಿ ಬೀದಿಬೀದಿಯಲ್ಲೂ ಮನೆಗಳಿವೆಯೆಂದೂ, ಅಲ್ಲಿಯ ಬಾಡಿಗೆದಾರರು ಪ್ರತಿ ಮನೆಯ ಮುಂದೆ ಅವನ ಬೊಂಬೆ ಮಾಡಿ ಕೊರಳಿಗೆ ಚಪ್ಪಲಿ ಕಟ್ಟಿದ್ದಾರೆಂದೂ ಊರಿಗೆಲ್ಲ ತಿಳಿದಿತ್ತು. ಸ್ಥಳೀಯ ರೇಡಿಯೋಗೆ ಫೋನು ಮಾಡಿದ ಹೆಂಗಸೊಬ್ಬಳು, ಕೌನ್ಸಿಲರಿಗೆ ಕನ್ನಡ ಬರುತ್ತದೆಂದು ತನಗೆ ಮೊದಲಿಂದ ಅನುಮಾನವಿತ್ತು ಎಂದಳು.

ಸಾವಿತ್ರಿ ಅಂದು ಸಂಜೆ ಫೋನು ಹಿಡಿದು ಅಡುಗೆಮನೆಗೆ ಬಂದಳು. ಊರಿನ ಫೇಸ್‌ಬುಕ್ ಪುಟದಲ್ಲಿ ಎರಡು ಚಿತ್ರ ಪಕ್ಕಪಕ್ಕ ಇದ್ದವು. ಒಂದು ಅವರ ಬೊಂಬೆ. ಇನ್ನೊಂದು ಕಳೆದ ಚುನಾವಣೆಯ ಪೋಸ್ಟರು: ಡೆಕ್ಲನ್, ಪೊದೆ ಮೀಸೆ, ಚೌಕಳಿ ಟೋಪಿ, ಚರ್ಮದ ತೇಪೆಯ ಹಸಿರು ಕೋಟು.

"ರೀ. ಇದು ಓನರ್ ಕೋಟು."

ಚಾಮರಾಜ ಮೀಟಿಂಗಿನ ಮಧ್ಯದಲ್ಲಿದ್ದ. ಮೈಕು ಮುಚ್ಚುವುದು ಮರೆತ. ಅವನ ಗಂಟಲಿನಿಂದ ಹೊರಟ ಸದ್ದನ್ನು ಕೇಳಿ ಮ್ಯಾನೇಜರು, ಕರೋನಾ ಟೆಸ್ಟು ಮಾಡಿಸಿಕೊಳ್ಳಿ, ರಜೆ ತಗೊಳ್ಳಿ ಎಂದ.

"ಓನರ್ ಕೋಟು ಅಂತ ನಿಂಗೆ ಮುಂಚೆ ಗೊತ್ತಿರ್ಲಿಲ್ವಾ?"

"ನಾನೇನು ಅವರ ಕೋಟು ಒಗೀತಿದ್ನಾ? ಸಲಿಗೆ ಇಟ್ಕೊಂಡಿದ್ದು ನೀವು. ದಿನಾ ಕೈಯೆತ್ತಿ ನಮಸ್ಕಾರ ಹೊಡೀತಿದ್ರಿ, ಮುಖಕ್ಕೋ ಕಾರಿಗೋ?"

ಬೊಂಬೆಯನ್ನು ಆಗಲೇ ಇಳಿಸಿಬಿಡಬೇಕೆಂದು ಚಾಮರಾಜ ಓಡಿದ. ಅಲ್ಲಿ ನೂಲಾಳ ಸಮಿತಿ "ಮನೆ ಬೇಕು, ಸ್ಪಾ ಬೇಡ" ಎಂದು ಬರೆದ ಬಟ್ಟೆ ಕಟ್ಟಿ ಕಾವಲು ಕೂತಿತ್ತು. ಕಂಬ ಕೀಳಲು ಬಿಡುವುದಿಲ್ಲ. ಕೋಟೊಂದನ್ನು ಬದಲಾಯಿಸಿದರೂ ಸಾಕು ಎಂದುಕೊಂಡು ಅವನು ತನ್ನ ರೇನ್‌ಕೋಟು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು, ಬೊಂಬೆಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚತೊಡಗಿದ. ಮೈದಾನದ ಆ ತುದಿಯಿಂದ ಯಾರೋ "ಡೆಕ್ಲನ್ನ ಬಟ್ಟೆ ಬಿಚ್ಚುತ್ತಿದ್ದಾನೆ" ಎಂದು ಕೂಗಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ಕ್ಷಣದ ಫೋಟೋ ಮರುದಿನ ಪತ್ರಿಕೆಯ ಮುಖಪುಟಕ್ಕೆ ಬಂತು. ಚಾಮರಾಜನ ಮುಖದಲ್ಲಿದ್ದ ಗಾಬರಿಯನ್ನು ಪತ್ರಿಕೆ ಆಕ್ರೋಶ ಎಂದು ಓದಿತ್ತು.

ಕೊನೆಗೆ ಅವನು ರೇಡಿಯೋಗೇ ಫೋನು ಮಾಡಿದ. ಬೊಂಬೆ ಕೌನ್ಸಿಲರಲ್ಲ, ಕೌನ್ಸಿಲರು ಬಹಳ ಒಳ್ಳೆಯ ಓನರು, ತನಗೆ ಯಾರ ಮೇಲೂ ಸಿಟ್ಟಿಲ್ಲ ಎಂದು ನಡುಗುವ ದನಿಯಲ್ಲಿ ಹೇಳಿದ.

"ಚಾಮ್, ಆ ಮನುಷ್ಯ ನಿಮ್ಮ ಮನೆ ಓನರಾ?" ಎಂದು ನಿರೂಪಕ ಕೇಳಿದ.

"ಹೌದು."

"ನಿಮ್ಮನ್ನು ಮನೆ ಬಿಡಿಸುತ್ತಿದ್ದಾರಾ?"

"ಈಗಲೇ ಅಲ್ಲ. ಐದು ಕಿಲೋಮೀಟರ್ ಮುಗಿದ ಮೇಲೆ."

ರೇಡಿಯೋದಲ್ಲಿ ಒಂದು ನಿಟ್ಟುಸಿರು ಕೇಳಿಸಿತು. ಆಮೇಲೆ ಹಾಡು ಹಾಕಿದರು. ದುಃಖದ ಹಾಡು. ಕಿಲ್‌ಡೆರಿನ್‌ನಲ್ಲಿ ಆ ಮಾತು ಕೇಳಿದ ಒಬ್ಬರೂ, ಹೆದರಿಸಿ ಹೇಳಿಸಿದ್ದು ಎಂಬುದನ್ನು ಬಿಟ್ಟು ಬೇರೇನನ್ನೂ ನಂಬಲಿಲ್ಲ.

ಆ ವಾರವೇ ಸರ್ಕಾರ ಐದು ಕಿಲೋಮೀಟರ್ ನಿಯಮವನ್ನು ತೆಗೆಯುವ ದಿನ ಘೋಷಿಸಿತು. ಬೀದಿಯಲ್ಲಿ ಜನ ಕಾರಿನ ಹಾರ್ನು ಬಾರಿಸಿದರು. ಸಾವಿತ್ರಿ ಸದ್ದಿಲ್ಲದೆ ಅಟ್ಟದಿಂದ ಸೂಟ್‌ಕೇಸು ಇಳಿಸಿ, ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತತೊಡಗಿದಳು. ಸುತ್ತುತ್ತಿದ್ದ ಪೇಪರಿನಲ್ಲಿ ಅವಳ ಗಂಡ ಕೌನ್ಸಿಲರ ಕೋಟಿನ ಗುಂಡಿ ಬಿಚ್ಚುತ್ತಿದ್ದ. ಡಬ್ಲಿನ್ನಿನ ಸ್ಯಾಂಟ್ರಿಯಲ್ಲಿದ್ದ ಗೆಳೆಯ ಉಲ್ಲಾಸನಿಗೆ ಫೋನು ಮಾಡಿದರೆ, ಅವನಿದ್ದ ಮನೆಯಲ್ಲೇ ಹಾಲ್‌ನಲ್ಲೊಬ್ಬರು ಮಲಗುತ್ತಿದ್ದರು.

"ಬಾ ಮಗಾ, ಅಡ್ಜಸ್ಟ್ ಮಾಡೋಣ" ಎಂದ ಉಲ್ಲಾಸ. "ಆದ್ರೆ ಸಾವಿತ್ರಿನೂ ಪಾಪುನೂ ಎಲ್ಲಿ ಮಲಗಿಸ್ತೀಯ ಅಂತ ನೀನೇ ಹೇಳು."

ಹಾಗಿರುವಾಗ ಡೆಕ್ಲನ್ ಬಂದ. ಬಾಗಿಲಿನಿಂದ ಅಷ್ಟು ದೂರ, ಹೂವಿನ ಕುಂಡದ ಪಕ್ಕ, ಮಾಸ್ಕು ಹಾಕಿ ನಿಂತ. ಮಾಸ್ಕಿನ ಎರಡೂ ಕಡೆ ಮೀಸೆ ಹೊರಗೆ ಬಂದಿತ್ತು. ಸಾವಿತ್ರಿ ಕಾಫಿ ಮಾಡಿ ಕಾಂಪೌಂಡಿನ ಮೇಲಿಟ್ಟು ಹಿಂದೆ ಸರಿದಳು.

"ಚಾಮ್" ಎಂದ ಡೆಕ್ಲನ್, "ಅದು ನನ್ನ ಕೋಟು."

"ಶೆಡ್ಡಿನಲ್ಲಿತ್ತು. ಬಿಸಾಕಿ ಅಂದಿದ್ರಿ."

"ಬಿಸಾಕು ಅಂದಿದ್ದೆ. ಮೆರವಣಿಗೆ ಮಾಡು ಅಂದಿರಲಿಲ್ಲ." ಅವನ ದನಿಯಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು. "ಒಂದು ಹೇಳು. ಅದು ನಿಜವಾಗಿ ಏನು ಮಾಡುತ್ತೆ?"

ಚಾಮರಾಜ ಹೇಳಿದ. ಮನೆಯ ಮೇಲೆ, ಹೊಲದ ಮೇಲೆ ಬೀಳುವ ಕೆಟ್ಟ ನೋಟವನ್ನೆಲ್ಲ ಬೊಂಬೆ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಜನ ಅದನ್ನು ನೋಡುತ್ತಾರೆ, ಉಳಿದದ್ದು ಬಚಾವಾಗುತ್ತದೆ. ಅಷ್ಟೇ.

ಡೆಕ್ಲನ್ ಕಾಫಿ ಲೋಟ ಎತ್ತಿಕೊಂಡು, ಕುಡಿಯಲು ಮಾಸ್ಕು ತೆಗೆಯಬೇಕೋ ಬೇಡವೋ ಎಂದು ಯೋಚಿಸಿ, ಹಾಗೇ ಹಿಡಿದುಕೊಂಡ. "ಕೆಲಸ ಮಾಡ್ತಿದೆ ಅದು. ಎಲ್ಲಾ ನೋಟವೂ ನನ್ನ ಮೇಲೇ ಇದೆ. ನಿನ್ನೆ ಕೌನ್ಸಿಲ್ಲಿನ ಜೂಮ್ ಸಭೆಯಲ್ಲಿ ಎದುರು ಪಕ್ಷದವರು ಒಬ್ಬರೂ ಬಿಡದೆ ಬೆನ್ನ ಹಿಂದೆ ಆ ಬೊಂಬೆ ಚಿತ್ರ ಹಾಕ್ಕೊಂಡು ಕೂತಿದ್ರು. ಮತ್ತೆ ಹೋಟೆಲ್ ವಿಷಯ ಎತ್ತೋದು ಹೇಗೆ? ನಾನೇ ವಾಪಸ್ ತಗೊಂಡೆ. ಮನೆಗಳ ಯೋಜನೆ ಮಾಡೋಣ ಅಂತ ನಾನೇ ಕೈಯೆತ್ತಬೇಕಾಯ್ತು. ನನ್ನ ಹೆಂಡತಿ ನನ್ನನ್ನು ಬೆಂಗಳೂರಿನ ಬಾಡಿಗೆ ಎಲ್ಲಿ ಬಚ್ಚಿಟ್ಟಿದ್ದೀಯ ಅಂತ ಕೇಳ್ತಾಳೆ."

"ನಾನು ಬೊಂಬೆ ತೆಗೆದುಬಿಡ್ತೀನಿ."

"ಮುಟ್ಟಬೇಡ. ಈಗ ಅದನ್ನ ತೆಗೆದ್ರೆ ನಾನೇ ತೆಗೆಸಿದೆ ಅಂತಾರೆ." ಡೆಕ್ಲನ್ ಮನೆಯ ಕಡೆ, ಕಿಟಕಿಯೊಳಗೆ ಕಾಣುತ್ತಿದ್ದ ಸೂಟ್‌ಕೇಸಿನ ಕಡೆ ನೋಡಿದ. "ಅದನ್ನೂ ಅಟ್ಟಕ್ಕೆ ಹಾಕಿ. ಮನೆಗೆ ಗಿರಾಕಿ ಸಿಕ್ಕಿದ್ದ, ನಿಜ. ಆದ್ರೆ ಬೊಂಬೆ ಮಾಡಿದವನನ್ನು ನಾನು ಬೀದಿಗೆ ಹಾಕಿದೆ ಅಂತ ಪೇಪರಲ್ಲಿ ಬಂದ್ರೆ, ಮುಂದಿನ ಚುನಾವಣೆಯಲ್ಲಿ ನನಗೆ ಆ ಬಕೆಟ್ಟೂ ಓಟು ಹಾಕಲ್ಲ. ನಿನಗೆ ಎಷ್ಟು ಟೈಮ್ ಬೇಕು?"

ಚಾಮರಾಜನ ಕಣ್ಣಲ್ಲಿ ನೀರು ಬಂತು. ಸ್ಕೂಲು ಮುಗಿಯುವ ತನಕ ಎಂದು ಅವನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದ ಮಾತಿಗೆ ಬಾಯಿ ತೆರೆದ.

"ಬ್ಯಾರಕ್ಸಲ್ಲಿ ಮನೆ ಕಟ್ಟಿ, ಅದರಲ್ಲಿ ನಮಗೊಂದು ಸಿಗೋ ತನಕ" ಎಂದಳು ಸಾವಿತ್ರಿ ಬಾಗಿಲ ಹಿಂದಿನಿಂದ.

ಡೆಕ್ಲನ್ ಅವಳನ್ನು ನೋಡಿದ. ಸರ್ಕಾರ ಮನೆ ಕಟ್ಟುವ ವೇಗ ಕೌನ್ಸಿಲರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ. "ಅಷ್ಟರಲ್ಲಿ ನಿಮ್ಮ ಮಗಳಿಗೆ ಮದುವೆಯಾಗಿರುತ್ತೆ."

"ಹಾಗಾದ್ರೆ ನೀವು ಬೇಗ ಕಟ್ಟಿಸಿ. ಕೈಯೆತ್ತಿದವರು ನೀವೇ ಅಲ್ವಾ? ಈಗ ಹೇಳಿದ್ದನ್ನ ಬರೆದು ಕೊಟ್ರೆ ಅನುಕೂಲ ಆಗುತ್ತೆ. ಕಾಫಿ ಆರಿತಲ್ಲ, ಬಿಸಿ ಮಾಡ್ಕೊಡ್ಲಾ?"

ಡೆಕ್ಲನ್ ಬರೆದು ಕೊಟ್ಟ. ಬಾಡಿಗೆದಾರನಿಗಾಗಿ ಕಾನೂನು ಬರೆದವರು, ಅದನ್ನು ತಿದ್ದಿದವರು, ಅದರಲ್ಲಿ ಸಂದಿ ಬಿಟ್ಟವರು ಎಲ್ಲ ಸೇರಿ ಕಾಯಲಾರದ ಮನೆಯನ್ನು ಹುಲ್ಲು ತುಂಬಿದ ಒಂದು ಕೋಟು ಕಾದಿತ್ತು. ಅದರಿಂದ ಆಡಳಿತಕ್ಕೆ ನಾಚಿಕೆಯಾಯಿತೇ ಎಂದು ಕೇಳಬಾರದು. ಆಡಳಿತ ಬೊಂಬೆಯ ಎತ್ತರ ಎಷ್ಟಿರಬಹುದು ಎಂಬ ಬಗ್ಗೆ ಒಂದು ನಿಯಮ ತರಲು ಉಪಸಮಿತಿ ರಚಿಸಿತು.

ಈ ಸುದ್ದಿ ಐದು ಕಿಲೋಮೀಟರನ್ನು ಕಾನೂನಿಗಿಂತ ಮೊದಲೇ ದಾಟಿತು. ಉಲ್ಲಾಸ ಫೋನು ಮಾಡಿ, "ಮಗಾ, ನಮ್ಮ ಲ್ಯಾಂಡ್‌ಲಾರ್ಡ್ ಫೋಟೋ ಕಳಿಸ್ತೀನಿ, ಸೈಡ್ ಪೋಸ್ ಬೇಕಾ?" ಎಂದು ಕೇಳಿದ. ಚಾಮರಾಜ ಬೈದು ಫೋನಿಟ್ಟ. ತಾನು ಸಂಸಾರಸ್ಥ, ವರ್ಕ್ ಪರ್ಮಿಟ್ಟಿನ ಮೇಲೆ ಇರುವವನು, ಇಂಥದ್ದಕ್ಕೆಲ್ಲ ತನ್ನನ್ನು ಎಳೆಯಬಾರದು ಎಂದು ಸಾವಿತ್ರಿಯ ಮುಂದೆ ಗಟ್ಟಿಯಾಗಿ ಹೇಳಿ, ಮೆಂತ್ಯ ಬೀಜದ ಪೊಟ್ಟಣ ಜೇಬಿಗೆ ಹಾಕಿಕೊಂಡು ಬ್ಯಾರಕ್ಸಿಗೆ ಹೊರಟ.

ಗೇಟಿನಿಂದ ಅವನ ಪೆಟ್ಟಿಗೆಯವರೆಗೆ ಜನ ಸಾಲಾಗಿ ನಿಂತಿದ್ದರು, ಮಾಸ್ಕು ಹಾಕಿ, ಅಂತರ ಬಿಟ್ಟು. ಆಸ್ಪತ್ರೆಯ ನರ್ಸು, ಬೇಕರಿಯ ಹುಡುಗಿ, ಮೂರು ಮಕ್ಕಳ ಬ್ರೆಜಿಲಿನ ದಂಪತಿ, ಮೊನ್ನೆಯ ಗಾರ್ಡ ಕೂಡ ಯೂನಿಫಾರ್ಮ್ ಇಲ್ಲದೆ. ಪ್ರತಿಯೊಬ್ಬರ ಕೈಯಲ್ಲೂ ಎಲ್ಲಿಂದಲೋ ಹೊಂದಿಸಿ ತಂದ ಒಂದೊಂದು ಹಳೇ ಕೋಟು.

ಚಾಮರಾಜ ಹಿಂತಿರುಗಿ ನೋಡಿದ. ಗೇಟಿನ ಹೊರಗೆ ಇನ್ನೂ ಇಬ್ಬರು ಬರುತ್ತಿದ್ದರು. ಅವನು ಜೇಬಿನ ಪೊಟ್ಟಣವನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಆಮೇಲೆ ಸಾಲಿನ ಮೊದಲಿಗಳಾಗಿದ್ದ ನರ್ಸಿನ ಕೈಯಿಂದ ಕೋಟು ತೆಗೆದುಕೊಂಡು, ಭುಜದ ಹೊಲಿಗೆ ಎಳೆದು ನೋಡಿ, ಕೆಲಸ ಬಲ್ಲವನ ಗಾಂಭೀರ್ಯದಿಂದ ಕೇಳಿದ:

"ನಿಮ್ಮ ಓನರಿಗೆ ಮೀಸೆ ಇದೆಯಾ?"